ಹೊಳೆಗೆ ಇಳಿಸಿದ 1 ಕಿಲೋವ್ಯಾಟ್ ಟರ್ಬೈನ್: 14 ತಿಂಗಳ ಬಳಕೆಯ ನಂತರ

ಈ ಯಂತ್ರ ಕೊಂಡು 14 ತಿಂಗಳಾಯಿತು. ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಕಂಡಿದೆ. ಕೊಂಡ ಮೊದಲ ತಿಂಗಳಲ್ಲಿ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಬೇಸಿಗೆಯಲ್ಲಿ ಬರೆದಿದ್ದರೆ ಯಾರೂ ಕೊಳ್ಳಬೇಡಿ ಎನ್ನುತ್ತಿದ್ದೆ. ಅದಕ್ಕೇ ಇಷ್ಟು ದಿನ ಕಾದೆ.

ಮೊದಲು ಯಂತ್ರ ಏನು ಅಂತ ಹೇಳುತ್ತೇನೆ. ಕಡಿಮೆ ಎತ್ತರದಿಂದ ಬೀಳುವ ನೀರಿಗೆಂದೇ ಮಾಡಿದ ಪ್ರೊಪೆಲ್ಲರ್ ಟರ್ಬೈನ್ ಇದು. ಜನರೇಟರ್ ಮೇಲೆ ಕೂತಿರುತ್ತದೆ. ಅದರಿಂದ ಒಂದು ಉದ್ದನೆ ಶಾಫ್ಟ್ ಕೆಳಗಿಳಿದು, ತುದಿಯಲ್ಲಿ ಹಡಗಿನ ಫ್ಯಾನಿನಂಥ ರೆಕ್ಕೆ ಇರುತ್ತದೆ. ಕಾಲುವೆಯ ನೀರು ತೊಟ್ಟಿಗೆ ಬಂದು, ಸುತ್ತಿಕೊಂಡು, ರೆಕ್ಕೆಯ ಮೂಲಕ ಕೆಳಗಿಳಿಯುತ್ತದೆ. ಅಲ್ಲಿಂದ ಡ್ರಾಫ್ಟ್ ಟ್ಯೂಬ್ ಎನ್ನುವ ಅಗಲವಾಗುತ್ತಾ ಹೋಗುವ ಕೊಳವೆಯಲ್ಲಿ ಸಾಗಿ ಮತ್ತೆ ಹೊಳೆ ಸೇರುತ್ತದೆ. ನೀರನ್ನು ಕೂಡಿಡುವುದಿಲ್ಲ, ಖರ್ಚು ಮಾಡುವುದಿಲ್ಲ. ಹಣೆಪಟ್ಟಿಯ ಮೇಲೆ ಬರೆದಿರುವುದು ಇಷ್ಟು: 1.5 ಮೀಟರ್ ಎತ್ತರ, ಸೆಕೆಂಡಿಗೆ 130 ಲೀಟರ್ ನೀರು, 1000 ವ್ಯಾಟ್, 220 ವೋಲ್ಟ್, ನಿಮಿಷಕ್ಕೆ 1000 ಸುತ್ತು.

ನಮ್ಮದು ಬೆಟ್ಟದ ಝರಿ ಅಲ್ಲ, ಬಯಲಿನಲ್ಲಿ ಹರಿಯುವ ಹೊಳೆ. ಬೆಟ್ಟದ ಝರಿ ಇದ್ದವರ ಕೆಲಸ ಸುಲಭ. 50 ಮೀಟರ್ ಮೇಲಿನಿಂದ ಪೈಪಿನಲ್ಲಿ ಸ್ವಲ್ಪ ನೀರು ತಂದರೂ ಪೆಲ್ಟನ್ ಚಕ್ರ (ಚಿಮ್ಮುವ ನೀರು ಬಡಿದು ಓಡುವ ಟರ್ಬೈನ್) ತಿರುಗುತ್ತದೆ. ಬಯಲು ಹೊಳೆಯಲ್ಲಿ ನೀರು ಬೇಕಾದಷ್ಟು, ಆದರೆ ಬೀಳುವ ಎತ್ತರವೇ ಇಲ್ಲ. ನಮ್ಮಲ್ಲಿ ಇದ್ದದ್ದು ಹಳೆಯ ಕಲ್ಲಿನ ಅಡ್ಡಗಟ್ಟೆ ಒಂದು. ನೀರು ತಿರುಗಿಸಿಕೊಳ್ಳಲು ಯಾವಾಗಲೋ ಕಟ್ಟಿದ್ದು. ಅದರ ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ವ್ಯತ್ಯಾಸವನ್ನು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ ಅಳೆದೆ. 1.6 ಮೀಟರ್ ಸಿಕ್ಕಿತು. ಹೊಸ ಕಟ್ಟೆ ಕಟ್ಟಬೇಕಾಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಅದರ ಕಾರಣ ಮುಂದೆ ಹೇಳುತ್ತೇನೆ.

ನೀರಿನ ಪ್ರಮಾಣ ಅಳೆದದ್ದು ತೇಲು ಬಿಟ್ಟು. ಹೊಳೆ ನೇರವಾಗಿ ಹರಿಯುವ ಕಡೆ 10 ಮೀಟರ್ ಗುರುತು ಹಾಕಿ, ಅರ್ಧ ನೀರು ತುಂಬಿದ ಬಾಟಲಿ ಬಿಟ್ಟೆ. ಮಗಳು ಫೋನಿನಲ್ಲಿ ಸೆಕೆಂಡ್ ಎಣಿಸಿದಳು. 25 ಸೆಕೆಂಡ್. ಅಂದರೆ ಸೆಕೆಂಡಿಗೆ 0.4 ಮೀಟರ್. ಮೇಲ್ಭಾಗದ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತದೆ, ಹಾಗಾಗಿ ಕಲ್ಲು ತುಂಬಿದ ಸಣ್ಣ ಹೊಳೆಯಾದರೆ ಇದನ್ನು 0.7ರಿಂದ ಗುಣಿಸಬೇಕು. 4 ಮೀಟರ್ ಅಗಲ, ಸರಾಸರಿ 35 ಸೆಂಟಿಮೀಟರ್ ಆಳ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 390 ಲೀಟರ್ ಬಂತು. ಯಂತ್ರಕ್ಕೆ ಬೇಕಾದದ್ದರ ಮೂರು ಪಟ್ಟು! ಅವತ್ತೇ ಆರ್ಡರ್ ಮಾಡಿದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ತಪ್ಪು ಮಾಡಿದ್ದು ಇಲ್ಲೇ.

ಪೆಟ್ಟಿಗೆಯಲ್ಲಿ ಬಂದದ್ದು ಜನರೇಟರ್, ಶಾಫ್ಟ್, ರೆಕ್ಕೆ, ನೀರನ್ನು ತಿರುಗಿಸಿ ಬಿಡುವ ಹಲ್ಲುಗಳ ಬಳೆ, ಯಂತ್ರದ ಹೊರೆಯನ್ನು ಸಮವಾಗಿ ಇಡುವ ಲೋಡ್ ಕಂಟ್ರೋಲರ್ ಇಷ್ಟೇ. ಡ್ರಾಫ್ಟ್ ಟ್ಯೂಬ್ ನಾವೇ ಮಾಡಿಸಿಕೊಳ್ಳಬೇಕು. ಅದರ ಅಳತೆಯ ಚಿತ್ರ ಕೊಟ್ಟಿದ್ದರು, ಚೆನ್ನಾಗಿತ್ತು. ತೊಟ್ಟಿ, ಕಾಲುವೆ, ಕಸ ತಡೆಯುವ ಜಾಲರಿ, ಕೇಬಲ್ ಎಲ್ಲವೂ ನಮ್ಮ ಪಾಲಿಗೇ. ಯಂತ್ರಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ ದುಡ್ಡು ಸಿಮೆಂಟು, ಕಬ್ಬಿಣ, ತಂತಿಗೆ ಹೋಯಿತು. ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ.

ಮೊದಲ ದಿನ ತೂಬು ಎತ್ತಿದಾಗ ರೆಕ್ಕೆ ತಿರುಗಿತು, ಬಲ್ಬು ಹತ್ತಿತು. ಎಲ್ಲರೂ ಕೂಗಿದರು. ಆದರೆ ಮೀಟರಿನಲ್ಲಿ ಕಂಡದ್ದು 430 ವ್ಯಾಟ್. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ದಾರಿ ತೋರಿಸಿದವರು ಡ್ರಾಫ್ಟ್ ಟ್ಯೂಬ್ ವೆಲ್ಡಿಂಗ್ ಮಾಡಿಕೊಟ್ಟ ಅಣ್ಣ. "ಕಿವಿ ಇಟ್ಟು ಕೇಳಿ ಸರ್, ಎಲ್ಲೋ ಗಾಳಿ ಎಳೀತಿದೆ" ಅಂದರು. ನಿಜ. ತೊಟ್ಟಿಯ ತಳಕ್ಕೂ ಕೊಳವೆಗೂ ಇರುವ ಸೇರುವೆಯಲ್ಲಿ ಸಣ್ಣ ಸಂದು ಇತ್ತು. ಈ ಕೊಳವೆಯ ಕೆಲಸವೇ ಹೀರುವುದು. ರೆಕ್ಕೆಯ ಕೆಳಗಿರುವ ಎತ್ತರ ವ್ಯರ್ಥವಾಗದಂತೆ ಅದು ನೀರನ್ನು ಕೆಳಕ್ಕೆ ಎಳೆಯುತ್ತದೆ. ತುದಿ ಯಾವಾಗಲೂ ಕೆಳಗಿನ ನೀರಿನೊಳಗೆ ಮುಳುಗಿರಬೇಕು, ನಡುವೆ ಎಲ್ಲೂ ಗಾಳಿ ನುಗ್ಗಬಾರದು. ಈ ಸೇರುವೆಗೆ ಯಂತ್ರ ಮಾರಿದವರು ಕೊಟ್ಟಿದ್ದ ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ತೀರಾ ತೆಳು. ಹಳೆಯ ಟೈರಿನ ಟ್ಯೂಬಿನ ದಪ್ಪ ರಬ್ಬರ್ ಕತ್ತರಿಸಿ ಹಾಕಿ ಬೋಲ್ಟ್ ಬಿಗಿದೆವು. 780 ವ್ಯಾಟ್ ಬಂತು.

780 ವ್ಯಾಟ್ ಒಳ್ಳೆಯದೇ, ಕೆಟ್ಟದ್ದೇ? ಲೆಕ್ಕ ಹೀಗೆ. ಕಾಲುವೆಯಲ್ಲಿ, ಜಾಲರಿಯಲ್ಲಿ ಸೋರಿಹೋದದ್ದು ಬಿಟ್ಟು ನನಗೆ ನಿಜವಾಗಿ ಉಳಿದ ಎತ್ತರ 1.45 ಮೀಟರ್. ಸೆಕೆಂಡಿಗೆ 130 ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ ಅದರಲ್ಲಿ ಇರುವ ಶಕ್ತಿ ಸುಮಾರು 1850 ವ್ಯಾಟ್. ಅದರಲ್ಲಿ 780 ಅಂದರೆ ನೂರಕ್ಕೆ 42. ಹಣೆಪಟ್ಟಿಯ ಲೆಕ್ಕದಲ್ಲಿ ನೂರಕ್ಕೆ 52 ಬರಬೇಕು. ದೊಡ್ಡ ಜಲವಿದ್ಯುತ್ ಕೇಂದ್ರಗಳ ಟರ್ಬೈನ್ ನೂರಕ್ಕೆ 90 ದಾಟುತ್ತದೆ, ನಿಜ. ಆದರೆ ಇಷ್ಟು ಚಿಕ್ಕ ಯಂತ್ರದಲ್ಲಿ ರೆಕ್ಕೆಯ ಅಂಚಿನ ಸಂದು, ಬೇರಿಂಗಿನ ಉಜ್ಜಾಟ ಎಲ್ಲವೂ ದೊಡ್ಡ ಪಾಲು ತಿನ್ನುತ್ತವೆ. ನನಗೆ ಸಮಾಧಾನ ಇದೆ. 1000 ಎಂದು ಬರೆದದ್ದು ಮಾತ್ರ ಸರಿಯಲ್ಲ. 800 ಅಂತ ಬರೆದಿದ್ದರೆ ಮರ್ಯಾದೆಯಾಗಿರುತ್ತಿತ್ತು.

ಹೊಳೆಯಿಂದ ಮನೆಗೆ 120 ಮೀಟರ್. ಮೊದಲು 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದೆ. ದಾರಿಯಲ್ಲೇ 36 ವ್ಯಾಟ್ ಬಿಸಿಯಾಗಿ ಹೋಗುತ್ತಿತ್ತು. ಆಮೇಲೆ 4 ಚದರ ಮಿಲಿಮೀಟರ್ ಹಾಕಿದೆ. ಈಗ 14 ವ್ಯಾಟ್ ಮಾತ್ರ ಹೋಗುತ್ತದೆ. ಮನೆಗೆ 765 ವ್ಯಾಟ್ ಮುಟ್ಟುತ್ತದೆ.

ಇನ್ನು ಈ ಯಂತ್ರದ ನಿಜವಾದ ಹಿರಿಮೆ. ಇದು ರಾತ್ರಿಯೂ ತಿರುಗುತ್ತದೆ. 765 ವ್ಯಾಟ್ ಅಂದರೆ ಒಂದು ಇಸ್ತ್ರಿಪೆಟ್ಟಿಗೆಗೂ ಸಾಲದು ಅನಿಸಬಹುದು. ಆದರೆ 24 ಗಂಟೆ ನಿಲ್ಲದೆ ಬಂದರೆ ದಿನಕ್ಕೆ 18 ಯೂನಿಟ್ ಆಗುತ್ತದೆ. 1 ಕಿಲೋವ್ಯಾಟ್ ಸೋಲಾರ್ ಫಲಕ ಒಳ್ಳೆ ಬಿಸಿಲಿನ ದಿನ ಕೊಡುವುದು 4ರಿಂದ 5 ಯೂನಿಟ್. ಬ್ಯಾಟರಿಯೂ ಬೇಕಿಲ್ಲ. ಫ್ರಿಜ್, ಬಲ್ಬು, ಫ್ಯಾನು, ಕಂಪ್ಯೂಟರ್ ಎಲ್ಲ ನಡೆಯುತ್ತದೆ. ನೀರೆತ್ತುವ ಮೋಟಾರ್ ಮಾತ್ರ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದನ್ನು ಇದಕ್ಕೆ ಹಾಕುವುದಿಲ್ಲ. ಮೋಡ ಕವಿದು ವಾರಗಟ್ಟಲೆ ಬಿಸಿಲಿಲ್ಲದ ದಿನಗಳಲ್ಲಿ ಕತ್ತಲಲ್ಲಿ ಆ ಗುಂಯ್ ಎನ್ನುವ ಸದ್ದು ಕೇಳಿಸಿದರೆ ಮನಸ್ಸಿಗೆ ಎಷ್ಟು ನೆಮ್ಮದಿ ಅಂತ ಹೇಳಲಾರೆ.

ಆ ಸದ್ದೇ ಒಂದು ರಾತ್ರಿ ನನ್ನನ್ನು ಎಬ್ಬಿಸಿತು. ಗುಂಯ್ ಹೋಗಿ ಕೀಚಲು ಸದ್ದಾಗಿತ್ತು. ಮಗಳು ಹೊರಗೆ ಬಂದು "ಅಪ್ಪಾ, ವರಾಂಡದ ಬಲ್ಬು ಢಂ ಅಂತು" ಅಂದಳು. ಓಡಿಹೋಗಿ ತೂಬು ಇಳಿಸಿದೆ. ಆಗಿದ್ದೇನೆಂದರೆ, ಈ ಟರ್ಬೈನಿಗೆ ನೀರನ್ನು ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇಲ್ಲ. ಯಾವಾಗಲೂ ಒಂದೇ ಸಮ ಓಡುತ್ತದೆ. ಮನೆಯಲ್ಲಿ ದೀಪ ಆರಿಸಿದರೆ ಉಳಿದ ಕರೆಂಟನ್ನು ಲೋಡ್ ಕಂಟ್ರೋಲರ್ ಒಂದು ಹೀಟರಿಗೆ ತಿರುಗಿಸುತ್ತದೆ. ಯಂತ್ರದ ಮೇಲಿನ ಹೊರೆ ಹೀಗೆ ಸಮವಾಗಿ ಉಳಿಯುತ್ತದೆ. ಆವತ್ತು ಹೀಟರಿನ ತಂತಿಯ ಸ್ಕ್ರೂ ಅಲುಗಾಟಕ್ಕೆ ಸಡಿಲವಾಗಿತ್ತು. ಎಲ್ಲರೂ ಮಲಗಿದ್ದೆವು, ಹೊರೆಯೇ ಇಲ್ಲ. ರೆಕ್ಕೆ ಹುಚ್ಚು ವೇಗದಲ್ಲಿ ತಿರುಗಿ ವೋಲ್ಟೇಜ್ 300 ದಾಟಿತು. ಎರಡು ಬಲ್ಬು, ಒಂದು ಫೋನ್ ಚಾರ್ಜರ್ ಹೋದವು. ಮಾರನೆಯ ದಿನವೇ ಎರಡನೇ ಹೀಟರ್ ಹಾಕಿ, ವೋಲ್ಟೇಜ್ ಮಿತಿ ಮೀರಿದರೆ ಮನೆಯ ಲೈನನ್ನು ಕತ್ತರಿಸುವ ರಿಲೇ ಹಾಕಿಸಿದೆ. ಇದು ಪೆಟ್ಟಿಗೆಯಲ್ಲೇ ಬರಬೇಕಾದ ಸಾಮಾನು. ಬರಲಿಲ್ಲ ಎನ್ನುವುದಕ್ಕೆ ನಾನು ಅಂಕ ಕಡಿಮೆ ಕೊಡುತ್ತೇನೆ. ಇದು ಸುರಕ್ಷತೆಯ ವಿಷಯ.

ಹೊಳೆಯಿಂದ ಮನೆಗೆ ದೀಪ ತಂದ ಮೊದಲಿಗರಿಗೂ ಇದೇ ಕಷ್ಟ ಇತ್ತು. 1882ರ ಸೆಪ್ಟೆಂಬರ್ 30ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಪಲ್ಟನ್ ಊರಿನಲ್ಲಿ, ಫಾಕ್ಸ್ ನದಿಯ ಮೇಲೆ ಒಂದು ಪುಟ್ಟ ಜಲವಿದ್ಯುತ್ ಕೇಂದ್ರ ಶುರುವಾಯಿತು. ಎಡಿಸನ್ ಪದ್ಧತಿಯದು. ಅದರ ಸಾಮರ್ಥ್ಯ ಸುಮಾರು 12.5 ಕಿಲೋವ್ಯಾಟ್ ಅಷ್ಟೇ. ಬೆಳಗಿದ್ದು ಕಾಗದದ ಗಿರಣಿಗಳನ್ನೂ ಒಂದು ಮನೆಯನ್ನೂ. ವೋಲ್ಟ್‌ಮೀಟರ್ ಇಲ್ಲದ ಕಾಲ, ಬಲ್ಬಿನ ಬೆಳಕನ್ನು ಕಣ್ಣಲ್ಲೇ ನೋಡಿ ವೋಲ್ಟೇಜ್ ಅಂದಾಜು ಮಾಡುತ್ತಿದ್ದರು. ಬಯಲು ನದಿ, ಹಳೆಯ ಗಿರಣಿ, ಕಡಿಮೆ ಎತ್ತರ. ಜಲವಿದ್ಯುತ್ತಿನ ಕಥೆ ಇಂಥ ಪುಟ್ಟ ಜಾಗಗಳಲ್ಲೇ ಶುರುವಾದದ್ದು. ದೊಡ್ಡ ದೊಡ್ಡ ಅಣೆಕಟ್ಟುಗಳು ಬಂದದ್ದು ಆಮೇಲೆ.

ಈಗ ಬೇಸಿಗೆಗೆ ಬರುತ್ತೇನೆ. ಐದನೇ ತಿಂಗಳಿಗೆ 780 ಇದ್ದದ್ದು 600ಕ್ಕೆ ಇಳಿಯಿತು. ಆರನೇ ತಿಂಗಳಿಗೆ 100 ವ್ಯಾಟ್. ತೊಟ್ಟಿಯಲ್ಲಿ ನೀರು ಸುಳಿಯಾಗಿ ಗಾಳಿಯನ್ನು ಎಳೆದುಕೊಂಡು ಗೊರಗೊರ ಅನ್ನುತ್ತಿತ್ತು. ಮತ್ತೆ ಬಾಟಲಿ ಬಿಟ್ಟು ಅಳೆದೆ. 10 ಮೀಟರಿಗೆ 42 ಸೆಕೆಂಡ್. ಅಗಲ 3 ಮೀಟರ್, ಆಳ 20 ಸೆಂಟಿಮೀಟರ್. ಇಡೀ ಹೊಳೆಯಲ್ಲಿ ಸೆಕೆಂಡಿಗೆ 100 ಲೀಟರ್.

100 ಲೀಟರ್ ಇದ್ದರೆ 130 ಲೀಟರಿನ ಮುಕ್ಕಾಲು ಪಾಲು ಕರೆಂಟ್ ಬರಬೇಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಹಾಗಾಗುವುದಿಲ್ಲ. ಈ ಯಂತ್ರದ ರೆಕ್ಕೆ, ಹಲ್ಲು ಯಾವುದರ ಕೋನವೂ ಬದಲಾಗುವುದಿಲ್ಲ. ಬಾಯಿ ಒಂದೇ ಅಳತೆಯದು. ಬರುವ ನೀರಿಗಿಂತ ಜಾಸ್ತಿ ನುಂಗುತ್ತದೆ, ತೊಟ್ಟಿಯ ಮಟ್ಟ ಇಳಿಯುತ್ತದೆ, ಮಟ್ಟ ಇಳಿದರೆ ಎತ್ತರವೇ ಹೋಯಿತು. ನಾನು ಹೊಳೆಗೆ ಬಿಡಬೇಕಾದ ನೀರು ಬಿಟ್ಟು ಉಳಿದ 70 ಲೀಟರನ್ನು ಇದಕ್ಕೆ ಕೊಟ್ಟರೆ ನಿಲ್ಲುವ ಎತ್ತರ ಅರ್ಧ ಮೀಟರೂ ಇಲ್ಲ. ಇದೇ ಸಮಸ್ಯೆಗೆ ಆಸ್ಟ್ರಿಯಾದ ಎಂಜಿನಿಯರ್ ವಿಕ್ಟರ್ ಕಪ್ಲಾನ್ 1910ರ ದಶಕದಲ್ಲೇ ಉತ್ತರ ಕಂಡುಹಿಡಿದ. ಓಡುತ್ತಿರುವಾಗಲೇ ರೆಕ್ಕೆಯ ಕೋನ ಬದಲಿಸುವ ಟರ್ಬೈನ್ ಅದು. ಇವತ್ತಿಗೂ ಬಯಲು ನದಿಗಳ ದೊಡ್ಡ ಕೇಂದ್ರಗಳಲ್ಲಿ ಅವನ ಹೆಸರಿನದೇ ತಿರುಗುತ್ತದೆ. 1 ಕಿಲೋವ್ಯಾಟಿನ ಯಂತ್ರಕ್ಕೆ ಅಷ್ಟು ಸೂಕ್ಷ್ಮದ ಸಾಮಾನು ಹಾಕಿದರೆ ಬೆಲೆ ಕೈಗೆ ಸಿಗುವುದಿಲ್ಲ. ಹಾಗಾಗಿ ಸ್ಥಿರ ರೆಕ್ಕೆ. ಅದು ತಪ್ಪಲ್ಲ. ಆದರೆ "ನಿಮ್ಮ ಹೊಳೆಯಲ್ಲಿ ತೀರಾ ಕಡಿಮೆ ನೀರಿರುವ ತಿಂಗಳಲ್ಲಿ ಎಷ್ಟು ಬರುತ್ತದೆ?" ಅಂತ ಮಾರುವವರು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನಾನು ಬೇರೆ ಅಳತೆಯ ಯಂತ್ರ ಕೊಳ್ಳುತ್ತಿದ್ದೆ.

ಹೊಳೆಗೆ ಬಿಡುವ ನೀರಿನ ಬಗ್ಗೆ ಹೇಳಲೇಬೇಕು. ಕಟ್ಟೆಯ ಮೇಲೆ 90 ಡಿಗ್ರಿ ಕೋನದ ವಿ ಆಕಾರದ ಕಚ್ಚು ಮಾಡಿದ್ದೇವೆ. ಅದರಲ್ಲಿ ನೀರು 21–22 ಸೆಂಟಿಮೀಟರ್ ಆಳ ಇದ್ದರೆ ಸೆಕೆಂಡಿಗೆ 30 ಲೀಟರ್ ಹೊಳೆಗೇ ಹೋಗುತ್ತದೆ. ಅದಕ್ಕೆ ಬಾಗಿಲು ಇಟ್ಟಿಲ್ಲ, ಬೇಕೆಂತಲೇ. ಬಾಗಿಲಿದ್ದರೆ ಮುಚ್ಚುವ ಆಸೆ ಬರುತ್ತದೆ. ಬೇಸಿಗೆಯಲ್ಲಿ ಒಬ್ಬರು ಸಲಹೆ ಕೊಟ್ಟರು: ಹಗಲೆಲ್ಲ ನೀರು ತುಂಬಿಸಿ, ಸಂಜೆ ನಾಲ್ಕು ಗಂಟೆ ಜೋರಾಗಿ ಓಡಿಸಿ ಅಂತ. ಕರೆಂಟ್ ಬರುತ್ತದೆ, ಸುಳ್ಳಲ್ಲ. ಆದರೆ ಹಗಲು ಕೆಳಗಿನ ಹೊಳೆ ಒಣಗುತ್ತದೆ, ಸಂಜೆ ಒಮ್ಮೆಲೇ ನೀರು ನುಗ್ಗುತ್ತದೆ. ಕಲ್ಲಿನ ಸಂದಿಯಲ್ಲಿರುವ ಮರಿಮೀನು, ಹುಳ, ಮೊಟ್ಟೆ ಯಾವುದೂ ಉಳಿಯುವುದಿಲ್ಲ. ನಾನು ಒಪ್ಪಲಿಲ್ಲ. ಎರಡು ತಿಂಗಳು ಯಂತ್ರ ನಿಲ್ಲಿಸಿದೆ.

ಹೊಸ ಕಟ್ಟೆ ಬೇಡ ಎಂದದ್ದೂ ಇದಕ್ಕೇ. ಯುರೋಪಿನ ನದಿಗಳಲ್ಲಿ ಕನಿಷ್ಠ 12 ಲಕ್ಷ ಅಡೆತಡೆಗಳಿವೆ ಎಂದು 2020ರಲ್ಲಿ ಬಂದ ಅಧ್ಯಯನ ಹೇಳಿತು. ಹೆಚ್ಚಿನವು ನಮ್ಮದರಂಥ ಸಣ್ಣ ಕಟ್ಟೆಗಳೇ. ಒಂದೊಂದೂ ಮೀನಿನ ದಾರಿಗೆ ಅಡ್ಡ. ಇನ್ನೊಂದನ್ನು ಸೇರಿಸುವುದು ಯಾಕೆ? ಇರುವುದನ್ನು ಬಳಸಿದರೆ ಎಷ್ಟು ಸಿಗುತ್ತದೆ ನೋಡಿ. ಅಮೆರಿಕದಲ್ಲಿ ವಿದ್ಯುತ್ ತಯಾರಿಸದೆ ಸುಮ್ನೆ ನಿಂತಿರುವ ಅಣೆಕಟ್ಟುಗಳಿಂದ ಸುಮಾರು 12 ಗಿಗಾವ್ಯಾಟ್ (1200 ಕೋಟಿ ವ್ಯಾಟ್) ಪಡೆಯಬಹುದು ಎಂದು 2012ರಲ್ಲಿ ಅಲ್ಲಿನ ಇಂಧನ ಇಲಾಖೆಯ ವರದಿ ಅಂದಾಜು ಮಾಡಿತು. ಅದರಲ್ಲಿ ದೊಡ್ಡ ಪಾಲು ಒಹಾಯೊ, ಮಿಸಿಸಿಪ್ಪಿಯಂಥ ಒಳನಾಡಿನ ನದಿಗಳಲ್ಲಿ ದೋಣಿ ಸಂಚಾರಕ್ಕೆ ಕಟ್ಟಿದ ಕಟ್ಟೆಗಳದ್ದು. ಒಳನಾಡಿನ ನದಿಗಳ ಶಕ್ತಿ ಅಂದರೆ ನನಗೆ ಇದೇ: ಈಗಾಗಲೇ ಬೀಳುತ್ತಿರುವ ನೀರು.

ಕಟ್ಟೆಯೇ ಇಲ್ಲದೆ, ಹರಿಯುವ ನೀರಿನಲ್ಲಿ ಫ್ಯಾನು ತೇಲಿಸಬಹುದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಅಂಥ ಯಂತ್ರವೂ ಸಿಗುತ್ತದೆ. ಸೆಕೆಂಡಿಗೆ 1 ಮೀಟರ್ ಓಡುವ ನೀರಿನಲ್ಲಿ ಪ್ರತಿ ಚದರ ಮೀಟರಿಗೆ 500 ವ್ಯಾಟ್ ಶಕ್ತಿ ಇರುತ್ತದೆ, ನಮ್ಮ ಕೈಗೆ ಸಿಗುವುದು 150ರ ಸುತ್ತಮುತ್ತ. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಹೊಳೆಯ 0.4 ಮೀಟರ್ ವೇಗಕ್ಕೆ ಚದರ ಮೀಟರಿಗೆ ಬರೀ 32 ವ್ಯಾಟ್, ಅದರಲ್ಲಿ ಹತ್ತು ಸಿಕ್ಕರೆ ಹೆಚ್ಚು. ದೊಡ್ಡ, ಜೋರು ನದಿಯ ಪಕ್ಕ ಇರುವವರಿಗೆ ಸರಿ.

ಮಳೆಗಾಲ ಬಂದಾಗ ಇನ್ನು ಚಿಂತೆ ಇಲ್ಲ ಎಂದುಕೊಂಡೆವು. ನೀರು ಕಟ್ಟೆಯ ಮೇಲೆ ಉಕ್ಕಿ ಹರಿಯಿತು. ಯಂತ್ರ 200 ವ್ಯಾಟಿಗೆ ಇಳಿಯಿತು! ವೋಲ್ಟೇಜ್ 140. ಹೊಳೆ ತುಂಬಿದಷ್ಟೂ ಕರೆಂಟ್ ಕಡಿಮೆ. ಬಯಲು ನದಿಯ ಸ್ವಭಾವವೇ ಹೀಗೆ. ಕಟ್ಟೆಯ ಮೇಲೆ ನೀರು 40 ಸೆಂಟಿಮೀಟರ್ ಏರಿದರೆ, ಕೆಳಗೆ 1.3 ಮೀಟರ್ ಏರಿತ್ತು. ಕೆಳಗಿನ ನೀರು ಮೇಲಿನ ನೀರನ್ನು ಹಿಡಿಯಲು ಬಂದರೆ ಬೀಳುವುದಕ್ಕೆ ಜಾಗ ಎಲ್ಲಿ? ಉಳಿದ ಎತ್ತರ 70 ಸೆಂಟಿಮೀಟರ್. ನೆರೆ ಇಳಿಯುವವರೆಗೆ ನಿಲ್ಲಿಸಿದೆ. ಒಟ್ಟು 19 ದಿನ. ಜನರೇಟರನ್ನು ಎತ್ತರದ ಪೀಠದ ಮೇಲೆ ಕೂರಿಸಿದ್ದರಿಂದ ಒದ್ದೆಯಾಗಲಿಲ್ಲ.

ನೆರೆಯ ಜೊತೆ ಮರಳು ಬಂತು. ಶಾಫ್ಟನ್ನು ಹಿಡಿದಿಡುವ ಕೆಳಗಿನ ಬುಷ್ (ಬಳೆ) ನೀರಿನಿಂದಲೇ ಜಾರುವಂಥದ್ದು, ಮರಳು ಅದನ್ನು ತಿಂದುಬಿಟ್ಟಿತು. ಹತ್ತನೇ ತಿಂಗಳಿಗೆ ಶಾಫ್ಟ್ ಅಲುಗಾಡತೊಡಗಿತು. ಮಾರಿದವರಿಗೆ ಬರೆದೆ. ಉತ್ತರ ಬಂದದ್ದು ಐದು ವಾರಕ್ಕೆ. ಅಷ್ಟರಲ್ಲಿ ಲೇತ್‌ನಲ್ಲಿ ಗಟ್ಟಿ ನೈಲಾನಿನ ಬುಷ್ ಮಾಡಿಸಿ ಹಾಕಿಯಾಗಿತ್ತು. ಮೇಲಿನ ಬೇರಿಂಗ್ ಎಲ್ಲ ಕಡೆ ಸಿಗುವ ಅಳತೆಯದು, ಆ ಆಯ್ಕೆ ಮಾಡಿದವರಿಗೆ ಧನ್ಯವಾದ. ತೊಟ್ಟಿಗೆ ಮುಂಚೆ ಮರಳು ಕೂರುವ ಗುಂಡಿಯನ್ನು ಈಗ ಆಳ ಮಾಡಿದ್ದೇವೆ. ನೀವು ಮೊದಲೇ ಮಾಡಿಕೊಳ್ಳಿ.

ದಿನದ ಕೆಲಸ ಜಾಲರಿ ಗುಡಿಸುವುದು. ಎಲೆ ಉದುರುವ ಕಾಲದಲ್ಲಿ ಬೆಳಿಗ್ಗೆ, ಸಂಜೆ ಎರಡು ಸಲ. ನೆಟ್ಟಗೆ ನಿಲ್ಲಿಸಿದ್ದ ಜಾಲರಿಯನ್ನು ಓರೆ ಮಾಡಿದ ಮೇಲೆ ಎಲೆ ಮೇಲಕ್ಕೆ ಜಾರಿ ಬರುತ್ತದೆ, ಕುಂಟೆಯಿಂದ ಎಳೆಯುವುದು ಸುಲಭ. ಸಂದು 20 ಮಿಲಿಮೀಟರ್ ಇಟ್ಟಿದ್ದೇವೆ. ದೊಡ್ಡ ಮೀನು ಒಳಗೆ ಹೋಗುವುದಿಲ್ಲ. ಮರಿಗಳು ಹೋಗಬಹುದು ಎನ್ನುವ ನೋವು ನನಗಿದೆ. ನಿಮಿಷಕ್ಕೆ 1000 ಸುತ್ತುವ ರೆಕ್ಕೆ ಅವಕ್ಕೆ ಒಳ್ಳೆಯದಲ್ಲ. ದೊಡ್ಡ ತಿರುಪಿನಂತಿರುವ ಆರ್ಕಿಮಿಡೀಸ್ ಸ್ಕ್ರೂ ಮಾದರಿಯ ಟರ್ಬೈನ್ ನಿಧಾನ ತಿರುಗುತ್ತದೆ, ಮೀನು ಅದರ ಮೂಲಕ ಸುರಕ್ಷಿತವಾಗಿ ಇಳಿಯುತ್ತದೆ, ಎಲೆಗೂ ಹೆದರುವುದಿಲ್ಲ. ದೊಡ್ಡ ಜಾಗ, ದೊಡ್ಡ ಬಂಡವಾಳ ಇರುವ ಊರಿನವರು ಒಟ್ಟಾಗಿ ಹಾಕುವುದಾದರೆ ನಾನು ಅದನ್ನೇ ಹೇಳುತ್ತೇನೆ. ಒಂದು ಮನೆಗೆ ಅದು ಭಾರ.

ಅಂಕ ಕೊಡಿ ಎಂದರೆ, ಯಂತ್ರಕ್ಕೆ ಐದಕ್ಕೆ ನಾಲ್ಕು. ಸರಳ, ಗಟ್ಟಿ, ಬಿಚ್ಚಿ ಜೋಡಿಸಲು ಸುಲಭ. ಲೋಡ್ ಕಂಟ್ರೋಲರಿಗೆ ಎರಡೂವರೆ. ಮಾರಿದವರ ಸೇವೆಗೆ ಎರಡು. ನಿಮ್ಮಲ್ಲಿ ವರ್ಷದ ಅತಿ ಕಡಿಮೆ ನೀರಿನ ದಿನವೂ ಸೆಕೆಂಡಿಗೆ 160 ಲೀಟರ್ (ಯಂತ್ರಕ್ಕೆ 130, ಹೊಳೆಗೆ 30) ಇದ್ದರೆ ಇದನ್ನೇ ಕೊಳ್ಳಿ. ಅಷ್ಟಿಲ್ಲದಿದ್ದರೆ ಚಿಕ್ಕದು ಎರಡು ಕೊಳ್ಳಿ. ಇದೇ ಮಾದರಿಯಲ್ಲಿ 70 ಲೀಟರಿನ 500 ವ್ಯಾಟ್ ಯಂತ್ರ ಇದೆ. ನೀರು ಜಾಸ್ತಿ ಇದ್ದಾಗ ಎರಡೂ, ಕಡಿಮೆ ಇದ್ದಾಗ ಒಂದೇ.

ಕಳೆದ ವಾರ ಕಾಲುವೆಯ ಪಕ್ಕದಲ್ಲಿ ಎರಡನೇ ತೊಟ್ಟಿಗೆ ಕಾಂಕ್ರೀಟ್ ಹಾಕಿದೆವು. ಬೇಸಿಗೆಗೆ ಮುಂಚೆ ಆ 500 ವ್ಯಾಟ್ ಯಂತ್ರವನ್ನು ಅದರಲ್ಲಿ ಇಳಿಸುತ್ತೇವೆ. ಹೊಳೆಯ 100 ಲೀಟರಿನಲ್ಲಿ 30 ಕಚ್ಚಿನ ಮೂಲಕ ಹೊಳೆಗೆ, 70 ಯಂತ್ರಕ್ಕೆ. ಮೊದಲನೆಯದರ ಅನುಭವದ ಪ್ರಕಾರ 390 ವ್ಯಾಟ್ ಬರಬೇಕು, ದಿನಕ್ಕೆ 9 ಯೂನಿಟ್. ಡ್ರಾಫ್ಟ್ ಟ್ಯೂಬಿಗೆ ದಪ್ಪ ರಬ್ಬರ್ ಈಗಲೇ ಕತ್ತರಿಸಿ ಇಟ್ಟಿದ್ದೇನೆ.